ಒಂದು ಸೀಸೆ ಸ್ಟ್ರಾಬೆರಿ

ರಾಸಾಯನಿಕಗಳ ಅಂಗಡಿಯ ಮೇಜಿನ ಮೇಲೆ ಆಕೆ ಖಾಲಿ ಸೀಸೆಯೊಂದನ್ನು ಇಟ್ಟಳು.

“ಇದೇ ಸ್ಟ್ರಾಬೆರಿ ಎಸೆನ್ಸ್ ಬೇಕಾಗಿತ್ತು, ಅಣ್ಣ.”

ಮಾಲೀಕರ ಮುಖ ಬಿಗಿಯಿತು. “ಇ-ಸಿಗರೇಟಿನ ದ್ರಾವಣಕ್ಕೆ ಬೆರೆಸುತ್ತಾರೆಂದು ತಿಳಿದ ದಿನವೇ ಇದರ ಬಿಡಿ ಮಾರಾಟ ನಿಲ್ಲಿಸಿದೆವು. ಮಕ್ಕಳಿಗೆ ಈ ಸಿಹಿ ವಾಸನೆಯೇ ಗಾಳ. ಸೀಸೆ ಯಾರದು?”

“ನನ್ನ ಮಗನದು.”

“ಮಗನ ಎದೆಗೆ ವಿಷ ತುಂಬಲು ಹೆತ್ತವಳೇ ಸೀಸೆ ಹಿಡಿದು ಬರುವುದೇ? ನಾಚಿಕೆಯಾಗಬೇಕಮ್ಮಾ!”

“ನೀವು ನಿಲ್ಲಿಸಿದ್ದು ಸರಿ, ಅಣ್ಣ. ಇನ್ನೂ ಮೊದಲೇ ನಿಲ್ಲಿಸಬೇಕಿತ್ತು.”

“ಅಷ್ಟು ತಿಳಿದೂ ಕೇಳುತ್ತೀರಲ್ಲ!”

ಆಕೆ ಸೀಸೆಯನ್ನು ಮೆಲ್ಲನೆ ಸೆರಗಿನಲ್ಲಿ ಸುತ್ತಿಕೊಂಡಳು.

“ಅವನು ತೀರಿಕೊಂಡ ಮೇಲೂ ಅವನ ದಿಂಬಿನಲ್ಲಿ ಈ ವಾಸನೆ ಉಳಿದಿತ್ತು. ಮೊನ್ನೆಯಿಂದ ಅದೂ ಇಲ್ಲ.”