ಭೂಮಿ ಹುಣ್ಣಿಮೆಯ ತಪಾಸಣೆ

"ಆ ಮೂಟೆನೂ ಬಿಚ್ರಿ," ಎಂದರು ಇನ್‌ಸ್ಪೆಕ್ಟರ್ ದುರ್ಗೇಶ್. ಪೇದೆಗಳು ಅಕ್ಕಿ ಮೂಟೆಯನ್ನೇ ಜಗಲಿಗೆ ಸುರಿದರು.

ದೀಪಕ್ ಬಾಗಿಲಿಗೆ ಒರಗಿ ನಗು ತಡೆದುಕೊಂಡ. ಹುಡುಕಲಿ, ಬೇಕಾದಷ್ಟು ಹುಡುಕಲಿ. ಸಾಗರದ ಕಾಲೇಜು ಹುಡುಗರಿಗೆ ಅವನು ಕದ್ದು ಮಾರುತ್ತಿದ್ದ ಇ-ಸಿಗರೇಟುಗಳೆಲ್ಲ ನಿನ್ನೆ ಸಂಜೆಯೇ ಹೊನ್ನೆಮರಡಿನ ಹಿನ್ನೀರು ಸೇರಿದ್ದವು. ಗೆಳೆಯನೊಬ್ಬ ಮೊದಲೇ ಸುಳಿವು ಕೊಟ್ಟಿದ್ದ.

ಮಾರುವುದಿರಲಿ, ಮನೆಯಲ್ಲಿ ದಾಸ್ತಾನು ಇಟ್ಟರೂ ಜೈಲು ಎನ್ನುತ್ತದೆ ಕಾನೂನು. ಜೈಲೆಂದರೆ ದೀಪಕ್‌ಗೆ ಭಯವಿದ್ದದ್ದು ಒಂದೇ ಕಾರಣಕ್ಕೆ. ಹೆಂಡತಿ ಸೌಜನ್ಯಳಿಗೆ ಏಳು ತಿಂಗಳು. ಎರಡು ಸಲ ಇಳಿದು ಹೋದ ಬಸಿರು ಈ ಸಲ ನಿಂತಿತ್ತು. ಮಗು ಹುಟ್ಟುವಾಗ ಅವನು ಅವಳ ಪಕ್ಕದಲ್ಲಿರಬೇಕು. ಊರ ಮಕ್ಕಳ ಎದೆಗೆಲ್ಲ ಹೊಗೆ ತುಂಬಿದವನಿಗೆ ತನ್ನ ಮಗುವಿನ ಮೇಲೆ ಎಂಥ ಮಮಕಾರ ನೋಡಿ!

ಅಂದು ಭೂಮಿ ಹುಣ್ಣಿಮೆ. ಗದ್ದೆ ತೆನೆ ಕಟ್ಟುವ ಕಾಲ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ ಬಡಿಸುವ ದಿನ. ಸೌಜನ್ಯ ಮಾವನ ಜೊತೆ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆಯನ್ನೆಲ್ಲ ಹೊರಿಸಿಕೊಂಡು ಬೆಳಿಗ್ಗೆಯೇ ಗದ್ದೆಗೆ ಹೋಗಿದ್ದಳು. ಮಂಡಿನೋವಿನ ಅವ್ವ ಕೆರಿಯಮ್ಮ ಮಾತ್ರ ಒಲೆಯ ಮುಂದೆ ಕೂತಿದ್ದಳು.

ದುರ್ಗೇಶ್ ಅಡುಗೆಮನೆಗೆ ನುಗ್ಗಿದರು. ಆಗ ದೀಪಕ್‌ನ ಜೀವ ಬಾಯಿಗೆ ಬಂತು.

ಒಂದನ್ನು ಮರೆತಿದ್ದ! ಉಪ್ಪಿನಕಾಯಿ ಭರಣಿಯ ಹಿಂದೆ ಒಂದು ಬಾಟಲಿ. ಇ-ಸಿಗರೇಟಿಗೆ ತುಂಬುವ ನಿಕೋಟಿನ್, ಇನ್ನೂ ತೆಳು ಮಾಡದ ಗಟ್ಟಿ ಸರಕು. ಬರಿಗೈಲಿ ಮುಟ್ಟಬೇಡ ಎಂದು ಕಳಿಸಿದವನು ಎರಡೆರಡು ಸಲ ಹೇಳಿದ್ದ. ಮಾವಿನ ಘಮ ಸೇರಿಸಿದ್ದರಲ್ಲ, ಯಾರಿಗೂ ಅನುಮಾನ ಬರದಿರಲೆಂದು ದೀಪಕ್ ತಾನೇ 'ಮಾವಿನ ಎಸೆನ್ಸ್' ಎಂದು ಬರೆದು ಚೀಟಿ ಅಂಟಿಸಿದ್ದ.

"ಭರಣಿ ಸರಿಸ್ರಿ."

ಸರಿಸಿದರು. ಹಿಂದೆ ಏನೂ ಇರಲಿಲ್ಲ.

"ಎಂಥದೂ ಇಲ್ವೇನಮ್ಮ?" ದುರ್ಗೇಶ್ ಮುಖ ಗಂಟು ಹಾಕಿದರು.

"ಎಂಥ ಇರ್ತದೆ ಸಾರ್? ಹಬ್ಬದ ದಿನ ಬಂದೀರಿ, ಒಂದ್ ಗಳಿಗೆ ಕೂರಿ. ಗದ್ದೆಯಿಂದ ಪಾಯಸ ವಾಪಸ್ ಬತ್ತದೆ, ಕುಡ್ಕಂಡು ಹೋದ್ರಾಯ್ತು," ಎಂದಳು ಕೆರಿಯಮ್ಮ.

"ನಮಗೆಲ್ಲಿ ಪುರುಸೊತ್ತಮ್ಮ?" ಎನ್ನುತ್ತಾ ದುರ್ಗೇಶ್ ಹೊರಟರು. ಅವರ ಪುಣ್ಯ.

ಜೀಪು ತಿರುವು ದಾಟಿದ್ದೇ ತಡ, ದೀಪಕ್ ಅವ್ವನ ಕಾಲಿಗೇ ಬಿದ್ದ. ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾಳೆ ಮುದುಕಿ! ಅವನಿಗೆ ಅಳುವೇ ಬಂತು.

"ಅವ್ವಾ, ನನ್ನ ಉಳಿಸಿದೆ ಮಾರಾಯ್ತಿ! ಆ ಬಾಟ್ಲಿ ಎಲ್ಲಿ ಬಚ್ಚಿಟ್ಟೆ?"

"ಆ ಮಾವಿನ ಎಸೆನ್ಸಾ? ಅದನ್ನೆಂತಕ್ಕೆ ಬಚ್ಚಿಡೋದು? ಪಾಯಸಕ್ಕೆ ಹಾಕ್ದೆ. ಮಾವಿನಹಣ್ಣು ಬೇಕು ಅಂತ ಸೌಜನ್ಯಂಗೆ ಒಂದೇ ಬಯಕೆ, ಈಗೆಲ್ಲಿ ಸಿಗ್ತದೆ? ಪೂರ್ತಿ ಸುರ್ದೆ. ಬಾಟ್ಲಿ ತೊಳ್ದು ದೀಪದ ಎಣ್ಣೆ ಹಾಕಿ ಕಳ್ಸೀನಿ."

ದೀಪಕ್ ಧಡಕ್ಕನೆ ಎದ್ದ. "ನೀ... ನೀ ರುಚಿ ನೋಡಿದ್ಯಾ?"

"ಥೂ, ಎಡೆ ಇಡೋ ಮುಂಚೆ ಯಾರಾದ್ರೂ ರುಚಿ ನೋಡ್ತಾರೇನೋ?"

ಅವನು ಸೌಜನ್ಯಳಿಗೆ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಗದ್ದೆಯಲ್ಲಿ ಮೊದಲ ಎಡೆ ಕಾಗೆಗೆ. ಕಾಗೆ ಮುಟ್ಟದೆ ಯಾರೂ ಬಾಯಿಗೆ ಇಡುವಂತಿಲ್ಲ. ಹೋದ ವರ್ಷ ಮಧ್ಯಾಹ್ನದವರೆಗೂ ಕಾಯಿಸಿದ್ದವು. ಬರದಿರಲಿ ಕಾಗೆ, ತಾಯೀ, ಇವತ್ತೊಂದಿನ ಬರದಿರಲಿ.

ಸೌಜನ್ಯ ಫೋನ್ ಎತ್ತಿದಳು.

"ರೀ, ಈ ಸಲ ಕಾಗೆ ಬೇಗನೆ ಮುಟ್ಟಿದ್ವು. ಬಸುರಿ ಅಂತ ಮಾವ ನಂಗೇ ಮೊದ್ಲು ಬಡಿಸಿದ್ರು. ಯಾಕೋ ಗಂಟ್ಲು ಉರೀತು, ಆದ್ರೂ ಮಾವಿನ ಆಸೆಗೆ ಎರಡು ಲೋಟ ಕುಡ್ದೆ."

ದೀಪಕ್ ಫೋನ್ ಕಿವಿಗೊತ್ತಿಕೊಂಡೇ ಗದ್ದೆಯತ್ತ ಓಡಿದ.

"ಆದ್ರೆ ರೀ, ಆ ಕಾಗೆಗಳು ಒಂದೂ ಮೇಲೆ ಏಳ್ತಾ ಇಲ್ಲ."