ಜಾರುವ ಸಾರು

"ನಿನ್ನೆ ರಾತ್ರಿಯಿಂದ ತೊಟ್ಟು ನೀರೂ ಕುಡಿದಿಲ್ಲ," ಎಂದಳು ಓಕ್‌ಬುನ್ ಅಜ್ಜಿ. ಮಂಚಕ್ಕೆ ತೂಗುಹಾಕಿದ್ದ 'ಉಪವಾಸ' ಎಂಬ ಫಲಕವೂ ಅದನ್ನೇ ಹೇಳುತ್ತಿತ್ತು.

ಆದರೂ ಅರಿವಳಿಕೆ ಕೊಡಬೇಕಿದ್ದ ಕಿರಿಯ ಡಾಕ್ಟರ್ ಉನ್‌ಸೊಲ್ ಸ್ಕ್ಯಾನಿಂಗ್ ಯಂತ್ರವನ್ನು ಹತ್ತಿರಕ್ಕೆಳೆದು ಅಜ್ಜಿಯ ಹೊಟ್ಟೆಗೆ ಜೆಲ್ ಹಚ್ಚಿದಳು. ಪರದೆಯ ಮೇಲೆ ಕಂಡದ್ದು ಉಪವಾಸದ ಹೊಟ್ಟೆಯಲ್ಲ.

"ಅಜ್ಜಿ, ಏನಾದ್ರೂ ತಿಂದ್ರಾ?"

"ತಿಂದೋಳ ಥರ ಕಾಣ್ತೀನಾ?"

ಅಜ್ಜಿಯ ಮಗ ಬಾಗಿಲಲ್ಲೇ ನಿಂತಿದ್ದ. ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಬಾಂಗ್ ಗಿತೆ. ತಾಯಿಯ ಪಿತ್ತಕೋಶವನ್ನು ತಾನೇ ತೆಗೆಯುತ್ತೇನೆಂದು ಹಟ ಹಿಡಿದು, ಇಡೀ ದಿನವನ್ನು ಅವಳಿಗೇ ಮೀಸಲಿಟ್ಟಿದ್ದ. ಆ ಆಸ್ಪತ್ರೆಯಲ್ಲಿ ಅವನಿಗೆ ಎದುರಾಡುವವರು ಯಾರೂ ಇರಲಿಲ್ಲ. ಎದುರಾಡಿದ್ದವರು ಈಗ ವರ್ಗವಾಗಿ ದೂರದ ದ್ವೀಪಗಳ ಕ್ಲಿನಿಕ್ಕುಗಳಲ್ಲಿದ್ದರು.

"ನಮ್ಮಮ್ಮ ಸುಳ್ಳು ಹೇಳಲ್ಲ. ನಿಮ್ಮ ಈ ಡಬ್ಬ ಮೆಷಿನ್ ಹೇಳುತ್ತೆ. ಶುರು ಮಾಡಿ."

ಉನ್‌ಸೊಲ್‌ಗೆ ಭಯವಾಯಿತು. ಪ್ರಜ್ಞೆ ತಪ್ಪಿಸಿ ಗಂಟಲಿಗೆ ನಳಿಕೆ ಇಳಿಸುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ನುಗ್ಗಿದರೆ ಅಜ್ಜಿಯ ಕಥೆ ಮುಗಿದಂತೆಯೇ. ಅದಕ್ಕಿಂತ ದ್ವೀಪವೇ ವಾಸಿ ಎನಿಸಿತು.

"ಆಗಲ್ಲ ಸಾರ್. ಇವರ ಉಸಿರಿನ ದಾರಿ ನನ್ನ ಜವಾಬ್ದಾರಿ," ಎಂದು ಪರದೆಯನ್ನು ಅವನತ್ತ ತಿರುಗಿಸಿದಳು.

ಗಿತೆ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಅಮ್ಮಾ?"

"ಒಂದು ಬಟ್ಟಲು ಕಡಲಪಾಚಿ ಸಾರು, ಅನ್ನ. ಬೆಳಿಗ್ಗೆ ಆರಕ್ಕೆ," ಅಜ್ಜಿ ಒಪ್ಪಿಕೊಂಡಳು. "ಇವತ್ತು ನಿನ್ನ ಹುಟ್ಟುಹಬ್ಬ ಕಣೋ. ನಿನ್ನ ಹೆತ್ತಾಗ ಉಂಡ ಸಾರು, ವರ್ಷ ವರ್ಷ ಉಣ್ತೀನಿ. ಹುಟ್ಟುಹಬ್ಬಕ್ಕೆ ಉಣ್ಣಬೇಕಾದ ನೀನಂತೂ ಮುಟ್ಟಲ್ಲ."

"ಆಪರೇಷನ್ ದಿನ ಆ ಜಾರೋ ಪಾಚಿ ತಿಂದ್ರೆ ನನ್ನ ಕೈ ಜಾರುತ್ತೆ. ನಿಂಗೆ ಗೊತ್ತಿಲ್ವಾ?"

"ಗೊತ್ತಪ್ಪ. ಹತ್ತೊಂಬತ್ತು ವರ್ಷದಿಂದ ನಿನ್ನ ಹುಟ್ಟುಹಬ್ಬದ ದಿನ ಯಾರದ್ದೋ ಒಂದು ಆಪರೇಷನ್ ಇದ್ದೇ ಇರುತ್ತೆ."

ಉನ್‌ಸೊಲ್ 'ನಾಳೆಗೆ ಮುಂದೂಡಲಾಗಿದೆ' ಎಂದು ಬರೆದು ಕಾಗದ ಚಾಚಿದಳು. ಗಿತೆ ಅವಳ ಮುಖ ನೋಡದೆ ರುಜು ಹಾಕಿದ.

ರುಜು ಪೂರ್ತಿಯಾಗುವವರೆಗೆ ಅಜ್ಜಿ ಕಾದಳು. ಆಮೇಲೆ ದಿಂಬಿನ ಹಿಂದಿನಿಂದ ಫ್ಲಾಸ್ಕ್ ತೆಗೆದು ಮುಚ್ಚಳ ತಿರುಗಿಸಿದಳು.

"ಇವತ್ತು ಇನ್ಯಾರನ್ನೂ ಕೊಯ್ಯೋದಿಲ್ಲ ತಾನೆ? ಬಾ, ಆರೋಗುತ್ತೆ. ಉಣ್ಣು."