ಫಿಲ್ಟರಿನಲ್ಲಿ ಕೂತ ಮಾತು

ವೆಂಟಿಲೇಟರಿನಲ್ಲಿ ಮಲಗಿದವರು ಗಂಟಲಲ್ಲಿ ನಳಿಕೆಯಿದ್ದು ಆಡಲಾಗದೆ ಹೋದ ಮಾತುಗಳೆಲ್ಲ ಯಂತ್ರದ ಫಿಲ್ಟರಿನಲ್ಲಿ ಕೂತುಬಿಡುತ್ತಿದ್ದವು. ಸರ್ವಿಸಿಗೆ ಬಿಚ್ಚಿದಾಗ ಅವು ಹೊರಬರುವುದರಿಂದ, ಮನೆಯವರ ಎದುರಿಗೇ ಬಿಚ್ಚಬೇಕೆಂಬುದು ಗದುಗಿನ ಆ ಆಸ್ಪತ್ರೆಯ ನಿಯಮ.

ಮೆಕ್ಯಾನಿಕ್ ಶಕುಂತಲಾ ಮುಚ್ಚಳ ತೆಗೆದು, ಗಾಳಿ ತಳ್ಳುವ ಪುಟ್ಟ ಫ್ಯಾನನ್ನು ಬ್ರಶ್ಶಿನಿಂದ ಒರೆಸುತ್ತಿರುವಾಗ, ಅದೇ ಯಂತ್ರದಲ್ಲಿದ್ದು ಗುಣವಾಗಿ ಮನೆಗೆ ಹೋಗಿದ್ದ ಫಕೀರಪ್ಪ ಮಾಸ್ತರರು ಹೆಂಡತಿಗಿಂತ ಮೊದಲೇ ಒಳಗೆ ಬಂದರು.

“ತಂಗೀ, ಆ ಫಿಲ್ಟರ್ ಹಂಗ ಕಸದಾಗ ಒಗದಬಿಡವಾ.”

“ಅಂಥಾದ್ದೇನ್ ಅಂದಿದ್ರಿ, ಸರ?”

“ನೆನಪಾ ಇಲ್ಲ ನೋಡು. ಅದಕ್ಕ ಹೆದರಿಕಿ.”

ಅಷ್ಟರಲ್ಲಿ ಹೆಂಡತಿ ನೀಲವ್ವ ಬಂದು ಕುರ್ಚಿ ಎಳೆದುಕೊಂಡು ಕೂತರು. ಶಕುಂತಲಾ ಬೇರೆ ದಾರಿಯಿಲ್ಲದೆ ಫಿಲ್ಟರನ್ನು ಹೊರಗೆಳೆದಳು. ಮಾಸ್ತರರ ದನಿ ಕ್ಷೀಣವಾಗಿ ಕೇಳಿತು: “ನೀಲಾ... ನೀಲಾ...”

ನೀಲವ್ವನ ಕಣ್ಣು ತುಂಬಿ ಬಂತು.

“...ಹಾಡೂದು ಸಾಕ ಮಾಡು.”

ಮಾಸ್ತರರು ನೆಲ ನೋಡತೊಡಗಿದರು. ಹನ್ನೊಂದು ದಿನ ಆಕೆ ಹಾಸಿಗೆಯ ಪಕ್ಕ ಕೂತು ಒಂದೇ ಭಜನೆ ಹಾಡಿದ್ದು ಇಡೀ ವಾರ್ಡಿಗೆ ಗೊತ್ತಿತ್ತು. ಶಕುಂತಲಾ ನಗು ತಡೆಯಲು ಯಂತ್ರದೊಳಗೆ ತಲೆ ಹಾಕಿದಳು.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು. “ಹಂಗಾರ ನಿಮಗ ಕೇಳಸ್ತಿತ್ತು. ನಾ ಗ್ವಾಡಿಗೆ ಹಾಡಾಕತ್ತೀನಿ ಅನ್ಕೊಂಡಿದ್ದೆ.”

ಅಲ್ಲೇ ಅದೇ ಭಜನೆಯನ್ನು ಮೊದಲಿನಿಂದ ಎತ್ತಿಕೊಂಡರು. ಮಾಸ್ತರರು ಕದಲದೆ ಕೂತು ಪೂರ್ತಿ ಕೇಳಿದರು.